ಯಾವ ವಾರ್ಡಿನವಳೂ ಅಲ್ಲ

ಮಾರ್ಚ್ ೪

ಗೂಬೆ,

ಹಾಸ್ಟೆಲಿನ ಹೆಸರಿನಿಂದ ಕರೆದೆನೆಂದು ಮುಖ ಗಂಟಿಕ್ಕಬೇಡ. ಸುತ್ತೋಲೆಯ ಕೆಳಗೆ ನಿನ್ನ ಸಹಿಯ ಜೊತೆ ಇರುವ ಹುದ್ದೆ ಎರಡು ಸಾಲು ಉದ್ದವಿದೆ, ಅದನ್ನು ಬರೆಯುವ ತಾಳ್ಮೆ ನನಗಿಲ್ಲ. ಐದು ವರ್ಷ ಮಾತಿಲ್ಲ ಕತೆಯಿಲ್ಲ, ಈಗ ಕಾಗದ ಬಂತು ಅಂದರೆ ಪ್ರೀತಿ ಉಕ್ಕಿ ಬಂತು ಅಂದುಕೊಳ್ಳಬೇಡ. ನನ್ನ ಇಮೇಲನ್ನು ನೀನೇ ಮುಚ್ಚಿಸಿದ್ದೀಯ. ಮುಖ್ಯ ಕಚೇರಿಗೆ ಫೋನ್ ಮಾಡಿದರೆ ಯಂತ್ರದೊಳಗಿನ ಹೆಂಗಸು ಸಿಬ್ಬಂದಿ ಸಂಖ್ಯೆ ಒತ್ತು ಎನ್ನುತ್ತಾಳೆ, ಒತ್ತಿದರೆ ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎನ್ನುತ್ತಾಳೆ. ಉಳಿದದ್ದು ಅಂಚೆ ಒಂದೇ.

ಸೋಮವಾರದಿಂದ ನಮ್ಮ ಆಸ್ಪತ್ರೆಗೆ ನಿಮ್ಮ ಹೊಸ ಏರ್ಪಾಡು ಬಂದಿದೆ. ಗೇಟಿಗೆ, ವಾರ್ಡಿನ ಬಾಗಿಲಿಗೆ, ಔಷಧದ ಕೋಣೆಗೆ, ಕಂಪ್ಯೂಟರಿಗೆ, ಎಲ್ಲಕ್ಕೂ ಒಂದೇ ಕಾರ್ಡು. ಬೆಳಿಗ್ಗೆ ಎಲ್ಲರೂ ಕಾರ್ಡು ತೋರಿಸಿ ಟಕ್ ಟಕ್ ಎಂದು ಒಳಗೆ ಹೋದರು. ನಾನು ತೋರಿಸಿದೆ, ಕೆಂಪು ದೀಪ. ಮತ್ತೆ ತೋರಿಸಿದೆ, ಮತ್ತೂ ಕೆಂಪು. ಗೇಟಿನ ಕಾವಲುಗಾರ ನಾನು ಕೆಲಸಕ್ಕೆ ಸೇರಿದ ದಿನದಿಂದ ನನ್ನನ್ನು ಕಂಡವನು.

“ಏನ್ ಮಾಡ್ಲಿ ಸಿಸ್ಟರ್, ಕಂಪ್ಯೂಟರ್ ನಿಮ್ಮ ಗುರುತು ಹಿಡೀತಾ ಇಲ್ಲ” ಅಂದ.

“ನೀವು ಹಿಡೀತೀರಲ್ಲ?”

“ನಾನು ಹಿಡಿದು ಏನ್ ಬಂತು, ಬಾಗಿಲು ತೆಗೆಯೋದು ಅದಲ್ವಾ.”

ಕೊನೆಗೆ ನನ್ನ ಕೈಯಲ್ಲಿ ಪುಸ್ತಕಕ್ಕೆ ಸಹಿ ಹಾಕಿಸಿ, ಯೂನಿಫಾರ್ಮಿನ ಮೇಲೆ ‘ಸಂದರ್ಶಕರು’ ಎಂಬ ಬಿಲ್ಲೆ ಅಂಟಿಸಿ ಒಳಗೆ ಬಿಟ್ಟ. ಒಬ್ಬ ಮುದುಕರಿಗೆ ಡ್ರಿಪ್ ಹಾಕುತ್ತಿದ್ದೆ. ಪಕ್ಕದ ಹಾಸಿಗೆಯಾಕೆ ಬಿಲ್ಲೆ ಓದಿ, “ಯಾರನ್ನ ನೋಡೋಕೆ ಬಂದಿದೀರಮ್ಮ?” ಅಂತ ಕೇಳಿದಳು. ಆಗ ಮುದುಕರು ತಮ್ಮ ಕೈಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡರು ಕಣೇ.

ನಾನು ಬದಲಿ ನರ್ಸ್ ಎನ್ನುವುದನ್ನು ನೀನು ಮರೆತಿರಲಾರೆ. ಯಾವ ವಾರ್ಡಿನಲ್ಲಿ ಕೈ ಸಾಲದೋ ಅಲ್ಲಿಗೆ ಓಡುವವಳು. ನಮ್ಮಂಥವರು ಇಲ್ಲಿ ಒಂಬತ್ತು ಜನ, ಒಂಬತ್ತೂ ಜನರ ಕಾರ್ಡು ಸತ್ತಿದೆ. ಉಳಿದವರು ವಾರ್ಡಿನ ಮುಖ್ಯಸ್ಥೆಯರ ಕಾರ್ಡು ಬೇಡಿ ಕೆಲಸ ಸಾಗಿಸುತ್ತಿದ್ದಾರೆ. ನನಗೆ ಬೇಡುವುದು ಒಗ್ಗುವುದಿಲ್ಲ. ನಿನ್ನ ಆ ಪಟ್ಟಿಗೆ ನಮ್ಮ ಹೆಸರು ಹಾಕು. ಅಷ್ಟೇ ನಾನು ಕೇಳುವುದು, ಇನ್ನೇನೂ ನಿನ್ನಿಂದ ಬೇಡ.

ಬಾಗಿಲ ಹೊರಗೆ ನಿಂತವಳು,
ಗಿರಗಿಟ್ಲೆ

ಮಾರ್ಚ್ ೯

ಗಿರಗಿಟ್ಲೆ,

ನಿನ್ನ ಕಾಗದವನ್ನು ನಮ್ಮ ಟಪಾಲು ವಿಭಾಗದವರು ಒಡೆದು, ಮುದ್ರೆ ಒತ್ತಿ, ‘ದೂರು’ ಎಂದು ಗುರುತು ಹಾಕಿ ನನ್ನ ಮೇಜಿಗೆ ಕಳಿಸಿದರು. ‘ಗೂಬೆ’ಯನ್ನು ಎಷ್ಟು ಜನ ಓದಿದರೋ ಗೊತ್ತಿಲ್ಲ. ಇನ್ನು ಬರೆಯುವುದಾದರೆ ಮೇಲಿರುವ ಮನೆಯ ವಿಳಾಸಕ್ಕೆ ಬರೆ.

ವಿಷಯ ಹೀಗಿದೆ. ಯಾರು ಯಾವ ವಾರ್ಡಿನಲ್ಲಿದ್ದಾರೆ ಎನ್ನುವುದು ನಿಮ್ಮ ಡ್ಯೂಟಿ ತಂತ್ರಾಂಶದಲ್ಲಿದೆ. ಆದರೆ ಬಾಗಿಲುಗಳು ಅದನ್ನು ಕೇಳುವುದಿಲ್ಲ. ಅವು ಕೇಳುವುದು ಮುಖ್ಯ ಕಚೇರಿಯ ಎಲ್‌ಡ್ಯಾಪ್ ಡೈರೆಕ್ಟರಿಯನ್ನು. ಹಳೆಯ ಟೆಲಿಫೋನ್ ಡೈರೆಕ್ಟರಿಯ ಹಾಗೆ, ನಮ್ಮ ಸಂಸ್ಥೆಯ ಏಳೂ ಆಸ್ಪತ್ರೆಗಳ ಸಿಬ್ಬಂದಿಯ ಹೆಸರು ಅಲ್ಲಿ ಒಂದೇ ಕಡೆ ಇರುತ್ತದೆ. ಡ್ಯೂಟಿ ತಂತ್ರಾಂಶದಲ್ಲಿರುವ ಸದಸ್ಯತ್ವವನ್ನು ಈ ಡೈರೆಕ್ಟರಿಗೆ ಹೊಂದಿಸುವುದು ನನ್ನ ಕೆಲಸ. ಒಂದು ವಾರ್ಡು ಅಂದರೆ ಒಂದು ಗುಂಪು, ವಾರ್ಡಿನ ನರ್ಸ್ ಆ ಗುಂಪಿನ ಸದಸ್ಯೆ. ದಿನಕ್ಕೆ ಮೂರು ಸಲ ಯಂತ್ರ ತಾನಾಗಿಯೇ ಎರಡನ್ನೂ ಹೋಲಿಸಿ ನೋಡುತ್ತದೆ. ಯಾವ ಗುಂಪಿನಲ್ಲೂ ಇಲ್ಲದವರು ಕೆಲಸ ಬಿಟ್ಟವರೆಂದು ಲೆಕ್ಕ, ಅವರ ಹೆಸರನ್ನು ತೆಗೆದುಹಾಕುತ್ತದೆ. ಬಿಟ್ಟುಹೋದವನೊಬ್ಬ ತನ್ನ ಹಳೆಯ ಕಾರ್ಡಿನಿಂದ ಔಷಧ ಕದ್ದ ಮೇಲೆ ಬಂದ ನಿಯಮ ಇದು.

ನಿನ್ನ ಕಾಗದ ಬಂದ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಡ್ಯೂಟಿ ತಂತ್ರಾಂಶ ತೆರೆದು ನೋಡಿದೆ. ಮಕ್ಕಳ ವಾರ್ಡಿನಲ್ಲಿ ನಿನ್ನ ಹೆಸರಿದೆ. ಉಳಿದವರ ಹೆಸರೂ ಒಂದೊಂದು ವಾರ್ಡಿನಲ್ಲಿದೆ. ಅಲ್ಲಿದ್ದರೆ ಇಲ್ಲೂ ಇರಲೇಬೇಕು. ನಿಯಮದಲ್ಲಿ ತಪ್ಪಿಲ್ಲ. ಕಾರ್ಡನ್ನು ಒಮ್ಮೆ ಚೆನ್ನಾಗಿ ಒರೆಸಿ ನೋಡು.

ಇನ್ನೊಂದು ಮಾತು. ನನ್ನ ಬೀಳ್ಕೊಡುಗೆಯ ದಿನ ಎಲ್ಲರೆದುರು ನೀನು “ಕುರ್ಚಿ ಸಿಕ್ರೆ ಯಾರಿಗೆ ಬೇಡ” ಎಂದು ನಗಿಸಿದೆ. ನಾನು ವಾರ್ಡು ಬಿಟ್ಟದ್ದು ಬೆನ್ನಿನ ಎಲುಬು ಸರಿದು, ರೋಗಿಗಳನ್ನು ಎತ್ತಲಾಗದೆ. ಅದು ನಿನಗೆ ಗೊತ್ತಿತ್ತು. ಮಾತು ಬಿಟ್ಟವಳು ನಾನಲ್ಲ.

ಎರಡು ಸಾಲಿನ ಹುದ್ದೆಯವಳು,
ಗೂಬೆ

ಮಾರ್ಚ್ ೨೧

ಗೂಬೆ,

ಕಾರ್ಡು ಒರೆಸಿದೆ. ಸ್ಪಿರಿಟ್ ಹಾಕಿ ಒರೆಸಿದೆ. ನಿನ್ನ ಜಂಬ ಒಂದನ್ನು ಬಿಟ್ಟು ಎಲ್ಲ ಸ್ವಚ್ಛವಾಯಿತು.

ಈಗ ಕೇಳು. ಹದಿನೈದನೇ ತಾರೀಖು ಮಧ್ಯಾಹ್ನ ಎರಡು ಗಂಟೆ, ಪಾಳಿ ಬದಲಾಗುವ ಹೊತ್ತು. ಮಕ್ಕಳ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆಯ ಹುಡುಗಿಗೆ ಫಿಟ್ಸ್ ಬಂತು. ಬಂದದ್ದು ನಿಲ್ಲಲಿಲ್ಲ. ತುಟಿ ನೀಲಿಯಾಗತೊಡಗಿತು. ಡ್ಯೂಟಿ ಡಾಕ್ಟರ್ ಎರಡೂ ಕೈಯಲ್ಲಿ ಮಗುವಿನ ಗದ್ದ ಎತ್ತಿ ಹಿಡಿದು ಉಸಿರು ಕಟ್ಟದ ಹಾಗೆ ನೋಡಿಕೊಳ್ಳುತ್ತಿದ್ದರು. ಕೂಗಿದ್ದೂ ಅವರೇ: “ಸಿಸ್ಟರ್, ಇಂಜೆಕ್ಷನ್! ಬೇಗ ತನ್ನಿ!” ಇಂಜೆಕ್ಷನ್ ಇರುವುದು ಬೀಗ ಬಿದ್ದ ಬಾಗಿಲ ಹಿಂದೆ. ವಾರ್ಡಿನ ಮುಖ್ಯಸ್ಥೆ, ಉಳಿದ ನರ್ಸುಗಳು, ಎಲ್ಲರೂ ತಮ್ಮ ಕಾರ್ಡು ಸಮೇತ ಆ ತುದಿಯ ಕೋಣೆಯಲ್ಲಿ ಪಾಳಿ ಒಪ್ಪಿಸುತ್ತಿದ್ದರು. ನನ್ನ ಕಾರ್ಡು ತೋರಿಸಿದೆ, ಕೆಂಪು. ಇನ್ನೊಮ್ಮೆ ತೋರಿಸುತ್ತಾ ನಿಲ್ಲುವಷ್ಟು ಮೂರ್ಖಳಲ್ಲ ನಾನು. ವಾಪಸು ಓಡಿ ಡಾಕ್ಟರ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಾರ್ಡಿಗೇ ಕೈ ಹಾಕಿ ಎಳೆದೆ. ಪಟ್ಟಿ ಕಿತ್ತು ಕೈಗೆ ಬಂತು. ಬಾಗಿಲು ತೆಗೆದೆ, ಔಷಧ ತಂದೆ, ಅವರು ಹೇಳಿದಷ್ಟೇ ಕೊಟ್ಟೆ. ಫಿಟ್ಸ್ ನಿಂತಿತು. ಮೊನ್ನೆ ಆ ಹುಡುಗಿ ನಡೆದುಕೊಂಡೇ ಮನೆಗೆ ಹೋದಳಂತೆ.

‘ಅಂತೆ’ ಯಾಕೆ ಅಂದರೆ ನಾನು ನೋಡಲಿಲ್ಲ. ಅಷ್ಟರೊಳಗೆ ನನಗೆ ನೋಟಿಸು ಬಂದಿತ್ತು. ಬೇರೆಯವರ ಕಾರ್ಡು ಬಳಸಿ ಔಷಧದ ಕೋಣೆಗೆ ಅಕ್ರಮ ಪ್ರವೇಶ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದು. ಅದರ ಕೆಳಗೆ ಇನ್ನೊಂದು ಸಾಲಿದೆ: ಘಟನೆಯ ಸಮಯದಲ್ಲಿ ಡೈರೆಕ್ಟರಿಯ ಪ್ರಕಾರ ಸದರಿಯವರು ಸಂಸ್ಥೆಯ ಸಿಬ್ಬಂದಿಯಾಗಿರಲಿಲ್ಲ. ಹತ್ತೊಂಬತ್ತು ವರ್ಷ ಈ ಕಟ್ಟಡದ ಮೆಟ್ಟಿಲು ತುಳಿದು ಮಂಡಿ ಸವೆಸಿಕೊಂಡವಳು ಸಿಬ್ಬಂದಿಯಾಗಿರಲಿಲ್ಲ! ಸಾಬೀತಾದರೆ ಕೆಲಸದ ಜೊತೆ ನನ್ನ ನರ್ಸ್ ನೋಂದಣಿಯೂ ರದ್ದಾಗುತ್ತದೆ. ಆಮೇಲೆ ಯಾವ ಆಸ್ಪತ್ರೆಯೂ ನನ್ನ ಕೈಗೆ ಥರ್ಮಾಮೀಟರ್ ಕೂಡ ಕೊಡುವುದಿಲ್ಲ.

ಹನ್ನೊಂದು ಗಂಟೆಗೆ ನನ್ನ ಹೆಸರು ಇತ್ತು ಎನ್ನುತ್ತೀಯ. ಇರದೆ ಏನು, ಬೆಳಿಗ್ಗೆ ಬರೆದಿರುತ್ತಾರಲ್ಲ. ಪಾಳಿ ಬದಲಾಗುವ ಮೊದಲು ಅಳಿಸುತ್ತಾರೆ. ಪಾಳಿಯ ಲೆಕ್ಕ ಕಚೇರಿಗೆ ಹೋಗುವಾಗ ಬದಲಿಯವಳ ಹೆಸರು ಉಳಿದಿದ್ದರೆ, ನಿಮ್ಮಲ್ಲಿ ಜನ ಸಾಕಷ್ಟಿದ್ದಾರಲ್ಲ ಎಂದು ಮರುದಿನ ಬದಲಿ ಕೊಡುವುದಿಲ್ಲ. ಅದಕ್ಕೇ ಎಲ್ಲ ಮುಖ್ಯಸ್ಥೆಯರೂ ಎದ್ದು ಹೋಗುವಾಗ ದೀಪ ಆರಿಸಿದ ಹಾಗೆ ನಮ್ಮನ್ನು ಆರಿಸಿ ಹೋಗುತ್ತಾರೆ. ನೀನು ಸರ್ಜಿಕಲ್ ವಾರ್ಡಿನಲ್ಲಿದ್ದಾಗ ನನ್ನನ್ನು ಎಷ್ಟು ಸಲ ಅಳಿಸಿದ್ದೀಯೋ ಏನೋ. ಎಲ್ಲ ಮರೆತುಬಿಟ್ಟೆಯಾ?

ಕೆಲಸವಿಲ್ಲದೆ ಮನೆಯಲ್ಲಿ ಕೂತವಳು,
ಗಿರಗಿಟ್ಲೆ

ಮಾರ್ಚ್ ೨೭

ಗಿರಗಿಟ್ಲೆ,

‘ಪಾಳಿ ಬದಲಾಗುವ ಮೊದಲು ಅಳಿಸುತ್ತಾರೆ’ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಕೂಡಲೇ ಡೈರೆಕ್ಟರಿ ತೆರೆದು ನೋಡಿದೆ, ನಿಮ್ಮ ಒಂಬತ್ತು ಹೆಸರೂ ಅಲ್ಲಿಲ್ಲ.

ಯಂತ್ರ ದಿನಕ್ಕೆ ಮೂರು ಸಲ ಹೋಲಿಸುತ್ತದೆ ಎಂದಿದ್ದೆ. ಯಾವಾಗ ಎಂದು ಹೇಳಿರಲಿಲ್ಲ. ಮೂರೂ ಸಲ ಪಾಳಿ ಬದಲಾಗುವ ಹೊತ್ತಿನಲ್ಲೇ. ಕಂಪ್ಯೂಟರಿನ ಮುಂದೆ ಯಾರೂ ಕೂತಿರದ ಸಮಯ ಯಾವುದು ಎಂದು ಮೇಲಿನವರು ಕೇಳಿದಾಗ, ಎಲ್ಲರೂ ಒಪ್ಪಿಸುವ ಕೋಣೆಯಲ್ಲಿರುವ ಹೊತ್ತು ಎಂದು ಹೇಳಿದವಳು ನಾನು. “ನಾನು ನರ್ಸ್ ಆಗಿದ್ದೋಳು ಸಾರ್, ನನಗ್ ಗೊತ್ತು” ಅಂತ ಎಷ್ಟು ಹೆಮ್ಮೆಯಿಂದ ಹೇಳಿದ್ದೆ! ಕಂಪ್ಯೂಟರ್ ಓದಿದವರು ಯಾರೇ ಆಗಿದ್ದರೂ ಪಾಳಿಯ ನಡುವಿನ ಯಾವುದೋ ಹೊತ್ತು ಹೇಳುತ್ತಿದ್ದರು, ಆಗ ನಿಮ್ಮ ಹೆಸರು ಯಾವುದಾದರೂ ವಾರ್ಡಿನಲ್ಲಿ ಇರುತ್ತಿತ್ತು. ವಾರ್ಡು ಬಲ್ಲವಳು ಎಂಬ ಗರ್ವಕ್ಕೆ ನೀವು ಒಂಬತ್ತು ಜನ ಎಲ್ಲಿಯೂ ಇರದ ಕ್ಷಣವನ್ನೇ ಹುಡುಕಿ ಕೊಟ್ಟೆ. ನಾನು ನೋಡಿದ್ದು ಡ್ಯೂಟಿ ತಂತ್ರಾಂಶವನ್ನು. ಡೈರೆಕ್ಟರಿ ತೆರೆದು ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ನನ್ನ ನಿಯಮವನ್ನು ನಾನೇ ಯಾಕೆ ಅನುಮಾನಿಸಲಿ ಎಂದುಕೊಂಡೆ.

ನಿನ್ನೆ ನಿನ್ನ ಹೆಸರನ್ನು ನಾನೇ ಕೈಯಾರೆ ಹೊಸದಾಗಿ ಸೇರಿಸಿ, ಯಂತ್ರ ಮುಟ್ಟದಂತೆ ಗುರುತು ಹಾಕಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥರಿಗೂ ಹೇಳಿದೆ. “ಸರಿ ಮಾಡಿದ್ರಲ್ಲ, ಮುಗೀತು. ಅದನ್ನೆಲ್ಲ ಬರೆದು ಯಾಕೆ ಮೈಮೇಲೆ ಎಳ್ಕೋತೀರಿ?” ಅಂದರು. ಉಳಿದ ಎಂಟು ಜನರದ್ದನ್ನು ಮುಂದೆ ನೋಡೋಣ ಎಂದರು. ಒಳ್ಳೆಯ ಮನುಷ್ಯ, ಮಾಡಿಸುತ್ತಾರೆ. ವಿಚಾರಣೆಯಲ್ಲಿ ಇದು ಕಂಪ್ಯೂಟರಿನ ತಪ್ಪು ಎಂದು ಹೇಳು, ಬೇಕಿದ್ದರೆ ಡೈರೆಕ್ಟರಿ ತೆರೆದು ನೋಡಿ ಎನ್ನು. ನಿನ್ನ ಹೆಸರು ಅಲ್ಲಿದೆ. ಇನ್ನು ನಿಶ್ಚಿಂತೆಯಿಂದಿರು.

ತಲೆ ತಗ್ಗಿಸಿದವಳು,
ಗೂಬೆ

ಏಪ್ರಿಲ್ ೧೨

ಗೂಬೆ,

ನಿಶ್ಚಿಂತೆಯಿಂದಿರು ಅಂದೆಯಲ್ಲ, ನಿನ್ನ ನಿಶ್ಚಿಂತೆಗೆ ಬೆಂಕಿ ಹಾಕ!

ನೀನು ಹೇಳಿಕೊಟ್ಟ ಹಾಗೆಯೇ ಹೇಳಿದೆ. ವಿಚಾರಣೆ ಮಾಡುವವರು ನಿವೃತ್ತರಾದ ಒಬ್ಬ ಸರ್ಜನ್. ಕಿವಿ ಸ್ವಲ್ಪ ಮಂದ, ಆದರೆ ಕೆಟ್ಟವರಲ್ಲ. “ಸರಿ, ಡೈರೆಕ್ಟರಿ ನೋಡೇಬಿಡೋಣ” ಅಂದರು. ಆಡಳಿತ ಕಚೇರಿಯವನು ಲ್ಯಾಪ್‌ಟಾಪ್ ತೆರೆದು ಅವರ ಕಡೆ ತಿರುಗಿಸಿದ.

“ಇವರ ಹೆಸರು ಸೃಷ್ಟಿಯಾಗಿರೋದು ಮಾರ್ಚ್ ಇಪ್ಪತ್ತಾರಕ್ಕೆ ಸಾರ್. ಘಟನೆ ನಡೆದಿದ್ದು ಹದಿನೈದಕ್ಕೆ. ಅವತ್ತು ಇವರು ಹೊರಗಿನವರೇ.”

ಹೊಸದಾಗಿ ಸೇರಿಸಿದರೆ ಹೊಸ ತಾರೀಖು ಬೀಳುತ್ತದೆ ಎನ್ನುವುದು ನಿನಗೆ ಹೊಳೆಯಲಿಲ್ಲವೇ? ನನ್ನನ್ನು ಉಳಿಸಲು ಹೋಗಿ ಹನ್ನೊಂದು ದಿನ ತಡವಾಗಿ ಹೆತ್ತಿದ್ದೀಯಲ್ಲೇ, ಮಹಾತಾಯಿ.

ಇನ್ನೂ ಇದೆ. ಎಂಟು ವಾರ್ಡಿನ ಮುಖ್ಯಸ್ಥೆಯರಿಗೂ ಒಂದೇ ಪ್ರಶ್ನೆ ಕಳಿಸಿದ್ದರು: ಈಕೆ ನಿಮ್ಮ ವಾರ್ಡಿನ ಸಿಬ್ಬಂದಿಯೇ? ಎಂಟು ಉತ್ತರ ಬಂದಿವೆ. ಅಲ್ಲ, ಅಲ್ಲ, ಅಲ್ಲ. ಒಂದೊಂದಾಗಿ ಓದಿದರು, ನಾನು ಎದುರಿಗೆ ಕೂತು ಕೇಳಿದೆ. ಹೆರಿಗೆ ವಾರ್ಡಿನಾಕೆ ಕೂಡ! ಅವಳ ತಾಯಿ ಹಾಸಿಗೆ ಹಿಡಿದಾಗ ನನ್ನ ಕೆಲಸ ಮುಗಿಸಿ ಹೋಗಿ ಬಟ್ಟೆ ಬದಲಿಸಿ ಬರುತ್ತಿದ್ದವಳು ನಾನು. ಹೊರಗೆ ಕಾರಿಡಾರಿನಲ್ಲಿ ಅಡ್ಡಹಾಕಿ ಕೇಳಿದೆ. ಕಣ್ಣು ತಪ್ಪಿಸಿ, “ಸುಳ್ಳು ಹೆಂಗ್ ಬರೀಲಿ ಸಿಸ್ಟರ್? ನೀವು ನಮ್ಮ ವಾರ್ಡಿನವರಲ್ವಲ್ಲ” ಅಂದಳು. ಅವಳು ಹೇಳಿದ್ದು ನಿಜ, ಅದೇ ನನಗೆ ತಡೆಯಲಾಗುತ್ತಿಲ್ಲ. ಎಂಟೂ ಜನ ಬರೆದದ್ದು ನಿಜವೇ. ಕೈ ಸಾಲದಾಗ “ಸಿಸ್ಟರ್, ನೀವು ನಮ್ಮೋರು, ಓಡಿ ಬನ್ನಿ” ಎಂದು ಕರೆಯುವಾಗ ಮಾತ್ರ ಈ ನಿಜ ಯಾರಿಗೂ ನೆನಪಾಗುವುದಿಲ್ಲ.

ಡ್ಯೂಟಿ ಡಾಕ್ಟರ್ ಏನು ಬರೆದಿದ್ದಾರೆ ಗೊತ್ತಾ? ಕಾರ್ಡು ಕುತ್ತಿಗೆಯಿಂದ ಹೇಗೆ ಹೋಯಿತೆಂದು ಗಮನಿಸಲಿಲ್ಲವಂತೆ. ಪಟ್ಟಿ ಎಳೆದ ಕಡೆ ಅವರ ಕುತ್ತಿಗೆ ಬರೆ ಎಳೆದ ಹಾಗೆ ಕೆಂಪಾಗಿತ್ತು, ಆದರೂ ಗಮನಿಸಲಿಲ್ಲವಂತೆ.

ಮುಂದಿನ ವಿಚಾರಣೆ ಈ ತಿಂಗಳು ಮೂವತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ. ಅದೇ ಕೊನೆಯದು. ನನ್ನ ಗಂಡ ಪಾಪ, ಏನೂ ಕೇಳದೆ ದಿನವೂ ಬೇಗ ಮನೆಗೆ ಬರುತ್ತಾರೆ. ಅದೂ ನನಗೆ ಸಿಟ್ಟು ತರಿಸುತ್ತದೆ.

ನೀನು ಮೊನ್ನೆ ಹೆತ್ತವಳು,
ಗಿರಗಿಟ್ಲೆ

ಇದು ಅವಳ ಅತ್ತೆ ಬರೀತಿರೋದು. ಕಾಗದ ಮಡಚೋಕೆ ಮುಂಚೆ ಕಸಿದುಕೊಂಡೆ. ಏನಮ್ಮಾ ಗೂಬೆ, ಇವಳ ಮದುವೆ ಆದ ಹೊಸದರಲ್ಲಿ ಹಾಸ್ಟೆಲಿನಿಂದ ರಜಕ್ಕೆ ಅಂತ ಇವಳ ಜೊತೆ ಬಂದು ನಮ್ಮನೇಲಿ ಉಂಡು ಹೋದವಳು ನೀನೇ ಅಲ್ವಾ? ನನ್ನ ಸೊಸೆ ದಿನಾ ಬೆಳಿಗ್ಗೆ ಯೂನಿಫಾರ್ಮ್ ಇಸ್ತ್ರಿ ಮಾಡ್ತಾಳೆ, ಆಮೇಲೆ ಮಡಚಿ ಬೀರುವಿನಲ್ಲಿ ಇಡ್ತಾಳೆ. ನನ್ನ ಕೈಲಿ ನೋಡೋಕೆ ಆಗ್ತಿಲ್ಲ. ಅವಳನ್ನ ಗೋಳು ಹೊಯ್ಕೊಳ್ಳೋ ಹಕ್ಕು ಲೋಕದಲ್ಲಿ ನನಗೊಬ್ಬಳಿಗೇ ಇರೋದು. ನೀನು ಮಾಡಿದ್ದನ್ನ ನೀನೇ ಬಂದು ಬಿಡಿಸು.

ಏಪ್ರಿಲ್ ೧೮

ಗಿರಗಿಟ್ಲೆ,

ನಿನ್ನ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡೇ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ವಿಚಾರಣೆಗೆ ನಡೆದದ್ದನ್ನು ಬರೆದು ಕಳಿಸುತ್ತೇನೆ, ನೀವು ಸಹಿ ಹಾಕಿ ಎಂದೆ.

“ನಿಮ್ಮ ಫ್ರೆಂಡಾ ಆಕೆ?”

“ಹೌದು ಸಾರ್.”

“ಹಾಗಿದ್ರಂತೂ ಸುಮ್ನಿರಿ. ಫ್ರೆಂಡಿಗೋಸ್ಕರ ಅಂತಾರೆ. ಆಕೆಗೆ ಇನ್ನೊಂದು ಕಡೆ ಕೆಲಸ ಸಿಗುತ್ತೆ ಬಿಡಿ. ಇಷ್ಟು ದೊಡ್ಡ ವ್ಯವಸ್ಥೇಲಿ ಒಂದೆರಡು ಹೆಸರು ಆಚೀಚೆ ಆಗೋದು ಸಹಜ.”

ಒಂದೆರಡು! ಅವರ ಮಾತು ಕೇಳಿ ಹೊರಗೆ ಬಂದವಳೇ ಉಳಿದ ಆರು ಆಸ್ಪತ್ರೆಗಳನ್ನೂ ತೆಗೆದು ನೋಡಿದೆ. ಎಲ್ಲ ಕಡೆಯೂ ಬದಲಿ ನರ್ಸುಗಳಿದ್ದಾರೆ, ಎಲ್ಲ ಕಡೆಯೂ ಪಾಳಿ ಮುಗಿಯುವಾಗ ಅಳಿಸುತ್ತಾರೆ, ಎಲ್ಲರೂ ಡೈರೆಕ್ಟರಿಯಲ್ಲಿ ಕೆಲಸ ಬಿಟ್ಟವರು. ಕೆಲವರು ನಿಜವಾಗಿಯೂ ಬಿಟ್ಟುಹೋಗಿದ್ದಾರೆ. ಗುತ್ತಿಗೆಯವರು, ಬಾಗಿಲು ತೆರೆಯದಿದ್ದಾಗ ತಮ್ಮನ್ನು ತೆಗೆದುಹಾಕಿದ್ದಾರೆ ಅಂದುಕೊಂಡು ಬಾಯಿ ಮುಚ್ಚಿಕೊಂಡು ಮನೆಗೆ ಹೋದವರು. ಮತ್ತೆ ಒಳಗೆ ಹೋಗಿ ಅದನ್ನೂ ಹೇಳಿದೆ.

“ಅವರ್ಯಾರೂ ಏನೂ ಕೇಳ್ತಿಲ್ವಲ್ಲ?”

“ಕೇಳೋಕೆ ಅವರಿಗೆ ಇಮೇಲೇ ಇಲ್ಲ ಸಾರ್.”

ನಕ್ಕರು ಕಣೇ. ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಗೆ ಬಂದೆ. ಇಷ್ಟು ಸಿಟ್ಟು ನನ್ನೊಳಗೆ ಇದೆ ಎಂದು ನನಗೇ ಗೊತ್ತಿರಲಿಲ್ಲ, ಅದೆಲ್ಲ ನಿನ್ನ ಪಾಲಿನದು ಅಂದ್ಕೊಂಡಿದ್ದೆ.

ಎರಡು ವಿಷಯ ತಿಳಿದು ಬರೆ. ವಿಚಾರಣೆಯ ಕೋಣೆಯಿಂದ ಮಕ್ಕಳ ವಾರ್ಡಿಗೆ ನಡೆಯಲು ಎಷ್ಟು ಹೊತ್ತು? ಮೂವತ್ತರಂದು ಮಕ್ಕಳ ವಾರ್ಡಿನ ಮುಖ್ಯಸ್ಥೆಗೆ ಬೆಳಗಿನ ಪಾಳಿಯೇ? ನಿನ್ನ ಅತ್ತೆಗೆ ಕಾಗದ ಮುಟ್ಟಿತು ಎಂದು ಹೇಳು.

ಕುದಿಯುತ್ತಿರುವ,
ಗೂಬೆ

ಮೇ ೩

ಗೂಬೆ,

ವಿಚಾರಣೆಗೆ ಬಂದವಳು ಮನೆಗೆ ಬರದೆ ಬಸ್ ಹಿಡಿದು ಓಡಿದೆಯಲ್ಲ, ಅತ್ತೆ ನಿನಗಾಗಿ ಕಾದು ಕಾದು ಇವತ್ತಿಗೂ ಬೈಯುತ್ತಿದ್ದಾರೆ. ನೀನು ಹೋದ ಮೇಲೆ ಏನಾಯಿತೆಂದು ನಿನಗೆ ಗೊತ್ತಾಗಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಾನು ಕಂಡದ್ದು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಗೋಡೆ ಹಿಡಿದು ನೀನು ಆ ಕೋಣೆಗೆ ಬಂದಾಗ ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ನಿನ್ನ ಬೆನ್ನು ಹೀಗಿದೆ ಎಂದು ನಾನು ಒಂದು ದಿನವೂ ಬಂದು ನೋಡಲಿಲ್ಲ. ಕುರ್ಚಿ ಎಂದು ಅಂದದ್ದು ತಪ್ಪು. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.

ನೀನು “ಆ ಹೆಸರನ್ನ ಮತ್ತೆ ಸೇರಿಸಿದೋಳು ನಾನು, ಅದಕ್ಕೇ ಆ ತಾರೀಖು” ಎಂದಾಗ ಆಡಳಿತದವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಸರ್ಜನ್ ಸಾಹೇಬರಿಗೆ ಮಾತ್ರ ಗುಂಪು, ಸದಸ್ಯತ್ವ ಯಾವುದೂ ತಲೆಗೆ ಹೋಗಲಿಲ್ಲ. ಆಗ ನೀನು ಎಲ್ಲರನ್ನೂ ಮಕ್ಕಳ ವಾರ್ಡಿಗೆ ಎಬ್ಬಿಸಿಕೊಂಡು ಹೋದೆ ನೋಡು, ಅದು ನಿನ್ನಂಥ ಗೂಬೆಗೇ ಹೊಳೆಯುವಂಥದು. ಎರಡಕ್ಕೆ ಸ್ವಲ್ಪ ಮುಂಚೆ, ಮುಖ್ಯಸ್ಥೆ ಎಂದಿನಂತೆ ಬದಲಿಯವಳ ಹೆಸರು ಅಳಿಸಲು ಕೈ ಚಾಚಿದಾಗ, “ಸಿಸ್ಟರ್, ಇವತ್ತೊಂದಿನ ನಿಮ್ಮ ಹೆಸರನ್ನೂ ಅಳಿಸಿ” ಅಂದೆ. ಅವಳು ನಕ್ಕು ಅಳಿಸಿದಳು. ಎರಡು ಗಂಟೆ ಕಳೆಯಿತು. “ಈಗ ಔಷಧದ ಕೋಣೆ ತೆಗೀರಿ.” ಕೆಂಪು. ಮತ್ತೆ ಕೆಂಪು. ಅವಳು ಕಾರ್ಡನ್ನು ಸೆರಗಿಗೆ ಒರೆಸಿ ತೋರಿಸಿದಳು. ಬಾಗಿಲನ್ನು ಗುದ್ದಿದಳು. “ಏನಿದು, ಇದು ನನ್ನ ವಾರ್ಡು!” ಎಂದು ಕೂಗಿದಳು.

“ಇವರು ಯಾರಮ್ಮಾ ಈಗ?” ಅಂತ ಸಾಹೇಬರು ನಿನ್ನನ್ನು ಕೇಳಿದರು.

“ಡೈರೆಕ್ಟರಿ ಪ್ರಕಾರ ಯಾರೂ ಅಲ್ಲ ಸಾರ್. ಕೆಲಸ ಬಿಟ್ಟು ಹೋದೋರು.”

ನೀನು ಅಲ್ಲಿಂದಲೇ ಬಸ್ಸಿಗೆ ಹೊರಟೆ. ನಾವು ಮತ್ತೆ ಕೋಣೆಗೆ ಬಂದೆವು. ಆರೋಪ ಬಿಟ್ಟರು, ನಾಳೆಯಿಂದ ಕೆಲಸಕ್ಕೆ ಬನ್ನಿ ಅಂದರು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಆಡಳಿತದವನು ಒಂದು ಹಾಳೆ ಮುಂದೆ ಸರಿಸಿದ. ಬೇರೆಯವರ ಕಾರ್ಡು ಬಳಸಿದ್ದಕ್ಕೆ ಎಚ್ಚರಿಕೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಸಹಿ ಹಾಕಬೇಕಂತೆ. ಬಂದ ನೀರು ಅಲ್ಲೇ ಇಂಗಿತು. “ಮಾಡ್ತೀನಿ. ನಾಳೆ ಇನ್ನೊಂದು ಮಗುವಿಗೆ ಹಾಗಾದ್ರೆ ನಿಮ್ಮ ಕುತ್ತಿಗೇಲಿರೋದನ್ನೂ ಕಿತ್ಕೋತೀನಿ” ಅಂದೆ. ಸಾಹೇಬರು ಹಾಳೆಯನ್ನು ತಾವೇ ತೆಗೆದು ಜೇಬಿಗೆ ಹಾಕಿಕೊಂಡರು.

ಇನ್ನು ತಮಾಷೆ ಕೇಳು. ಇವರನ್ನು ಯಾವುದಾದರೂ ಒಂದು ವಾರ್ಡಿಗೆ ಕಾಯಂ ಮಾಡಿಬಿಡೋಣ ಅಂದದ್ದೇ ತಡ, ಹೆರಿಗೆಯಾಕೆ ನಮಗೆ ಕೊಡಿ ಎನ್ನುತ್ತಾಳೆ, ಮಕ್ಕಳ ವಾರ್ಡಿನವಳು ನಮಗೆ ಎನ್ನುತ್ತಾಳೆ. ನಾನು ಒಲ್ಲೆ ಅಂದೆ. ನನ್ನೊಬ್ಬಳಿಗೆ ಜಾಗ ಸಿಕ್ಕರೆ ಉಳಿದ ಎಂಟು ಜನ ಬಾಗಿಲು ಗುದ್ದುತ್ತಾ ನಿಲ್ಲಬೇಕೇ?

ಮತ್ತೆ ಒಳಗೆ ಬಂದವಳು,
ಗಿರಗಿಟ್ಲೆ

ಮೇ ೧೫

ಗಿರಗಿಟ್ಲೆ,

ನೀನು ಒಲ್ಲೆ ಎಂದ ಮರುದಿನವೇ ನಿನ್ನ ಕಾಗದಕ್ಕೆ ಕಾಯದೆ ನಾನೂ ಒಂದು ಕೆಲಸ ಮಾಡಿದ್ದೆ. ಏಳೂ ಆಸ್ಪತ್ರೆಯ ಬದಲಿ ನರ್ಸುಗಳಿಗೆಂದು ಡೈರೆಕ್ಟರಿಯಲ್ಲಿ ಅವರದೇ ಗುಂಪುಗಳನ್ನು ಮಾಡಿದೆ. ಯಾವ ವಾರ್ಡು ಬರೆದರೂ ಅಳಿಸಿದರೂ ಅವರ ಹೆಸರು ಅಲ್ಲಿಂದ ಅಲುಗುವುದಿಲ್ಲ. ಗುಂಪಿನ ಮುಖ್ಯಸ್ಥೆ ಯಾರು ಎನ್ನುವ ಕಡೆ ಏನೂ ಬರೆಯದೆ ಬಿಟ್ಟೆ, ಯಾರ ಹೆಸರು ಹಾಕಬೇಕೋ ತಿಳಿಯಲಿಲ್ಲ. ಎಲ್ಲರ ಕಾರ್ಡಿಗೂ ಈಗ ಹಸಿರು ದೀಪ ಬರುತ್ತಿರಬೇಕು.

ಅದಾದ ಮೂರನೇ ದಿನ ನನಗೆ ನೋಟಿಸು ಬಂತು. ಅನುಮತಿಯಿಲ್ಲದೆ ನಿಯಮ ಬದಲಿಸಿದ್ದು, ಒಳಗಿನ ಕೆಲಸವನ್ನು ಹೊರಗಿನವರ ಮುಂದೆ ಬಯಲು ಮಾಡಿದ್ದು. ‘ಹೊರಗಿನವರು’ ಅಂದರೆ ನೀವು. ವಿಚಾರಣೆ ಜೂನ್ ಎರಡಕ್ಕೆ, ಇಲ್ಲೇ. ಕೆಲಸದಿಂದ ತೆಗೆಯುವುದೆಂದು ಮೊದಲೇ ತೀರ್ಮಾನವಾಗಿದೆ ಎಂದು ನಮ್ಮ ವಿಭಾಗದ ಹುಡುಗಿ ಪಿಸುಗುಟ್ಟಿದಳು. ಅವಳೂ ಈಗ ನನ್ನ ಜೊತೆ ಟೀ ಕುಡಿಯುವುದಿಲ್ಲ. ನನ್ನ ಪರವಾಗಿ ಮಾತಾಡುವವರನ್ನು ಕರೆತರಬಹುದಂತೆ. ಈ ಕಟ್ಟಡದಲ್ಲಿ ಯಾರೂ ಒಪ್ಪಲಿಲ್ಲ.

ಇದನ್ನು ನಿನಗೆ ತಿಳಿಸಿದ್ದು ತಿಳಿದಿರಲಿ ಎಂದಷ್ಟೇ. ನೀನು ಬರಬೇಡ. ಈಗ ತಾನೇ ಕೆಲಸಕ್ಕೆ ಮರಳಿದ್ದೀಯ, ರಜೆ ಕೇಳಿದರೆ ಆಡಳಿತದವನು ಬಿಡುವುದಿಲ್ಲ. ನಾನು ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಸಿಟ್ಟು ಮಾತ್ರ ಇದೆ, ಬೇಕಾದಷ್ಟಿದೆ.

ನಿನ್ನ,
ಗೂಬೆ

ಮೇ ೨೨

ಗೂಬೆ,

ಬರಬೇಡ ಎನ್ನಲು ನೀನ್ಯಾರೇ?

ನಿನ್ನ ಕಾಗದವನ್ನು ನಾವು ಒಂಬತ್ತು ಜನ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಓದಿದೆವು. ಓದಿ ಮುಗಿಸುವ ಮೊದಲೇ ಒಬ್ಬಳು ಟಿಕೆಟ್ ವಿಚಾರಿಸಲು ಹೊರಟಳು. ಒಂಬತ್ತೂ ಜನ ಜೂನ್ ಎರಡಕ್ಕೆ ರಜೆ ಬರೆದು ಆಡಳಿತಕ್ಕೆ ಕೊಟ್ಟೆವು. ನೀನು ಹೇಳಿದ ಹಾಗೆಯೇ ಅವನು ಕುಣಿದಾಡಿದ. ಆದರೆ ರಜೆ ಕೊಡುವುದಾಗಲಿ ಬಿಡುವುದಾಗಲಿ ಅವನ ಕೈಯಲ್ಲಿಲ್ಲ, ಅದಕ್ಕೆ ಅವರವರ ವಾರ್ಡಿನ ಮುಖ್ಯಸ್ಥೆಯ ಸಹಿ ಬೇಕು. ಮೊದಲಾದರೆ ಆ ದಿನ ಯಾರ ಕೈಗೆ ಸಿಕ್ಕಿಬಿದ್ದಿದ್ದೆವೋ ಅವಳು “ಆಗಲ್ಲ ಸಿಸ್ಟರ್, ನಮ್ಮಲ್ಲಿ ಜನ ಇಲ್ಲ” ಎನ್ನುತ್ತಿದ್ದಳು, ನಾವು ಸುಮ್ಮನಾಗುತ್ತಿದ್ದೆವು.

ಈ ಸಲವೂ ಅವನು ಮುಖ್ಯಸ್ಥೆಯರನ್ನು ಒಬ್ಬೊಬ್ಬರನ್ನೇ ಕರೆಸಿದ. ಮಕ್ಕಳ ವಾರ್ಡಿನವಳಿಗೆ, “ಬೇಡ ಅಂತ ಸಹಿ ಹಾಕಿ” ಅಂದ. ಅವಳು ಪೆನ್ನು ತೆಗೆದಳು. ನಾನು ಅಲ್ಲೇ ನಿಂತಿದ್ದೆ.

“ಸಿಸ್ಟರ್, ವಿಚಾರಣೆಗೆ ನೀವೇ ಬರೆದುಕೊಟ್ಟಿದ್ದೀರಿ, ನಾನು ನಿಮ್ಮ ವಾರ್ಡಿನವಳಲ್ಲ ಅಂತ. ಈಗ ಸಹಿ ಹಾಕಿದ್ರೆ ಅವತ್ತು ಬರೆದಿದ್ದು ಸುಳ್ಳಾಗುತ್ತೆ.”

ಅವಳು ಪೆನ್ನು ಮುಚ್ಚಿದಳು. ಹೆರಿಗೆಯಾಕೆ ಹಾಳೆಯನ್ನು ಮುಟ್ಟಲೇ ಇಲ್ಲ. “ಇವರು ನಮ್ಮ ವಾರ್ಡಿನವರಲ್ಲ ಸಾರ್, ಸುಳ್ಳು ಹೆಂಗ್ ಹಾಕ್ಲಿ” ಅಂದಳು. ಅನ್ನುವಾಗ ನನ್ನ ಕಡೆ ನೋಡಿದಳು ಕಣೇ, ಈ ಸಲ ಕಣ್ಣು ತಪ್ಪಿಸಲಿಲ್ಲ. ಎಂಟೂ ವಾರ್ಡು ಹೀಗೆಯೇ ಆಯಿತು. ಕೊನೆಗೆ ನಮ್ಮ ಗುಂಪಿನ ಮುಖ್ಯಸ್ಥೆ ಯಾರೆಂದು ಅವನು ಡೈರೆಕ್ಟರಿ ತೆರೆದು ಹುಡುಕಿದ. ಖಾಲಿ. ಮುಖ್ಯ ಕಚೇರಿಗೆ ಫೋನ್ ಮಾಡಿದನಂತೆ, ಆ ಜಾಗವನ್ನು ತುಂಬಲು ಗೊತ್ತಿರುವವಳು ಒಬ್ಬಳೇ, ಅವಳಿಗೆ ನೋಟಿಸು ಕೊಟ್ಟಿದ್ದೇವೆ ಅಂದರಂತೆ.

ಹಾಗಾಗಿ ನಮ್ಮ ರಜೆಗೆ ಹೌದೆನ್ನುವವರೂ ಇಲ್ಲ, ಇಲ್ಲವೆನ್ನುವವರೂ ಇಲ್ಲ. ಎರಡನೇ ತಾರೀಖು ಯಾವ ವಾರ್ಡಿಗೂ ಬದಲಿ ಸಿಗುವುದಿಲ್ಲ, ಈಗಲೇ ಜನ ಹೊಂದಿಸಿಕೊಳ್ಳಿ ಎಂದು ಎಂಟೂ ಕಡೆ ಹೇಳಿ ಆಗಿದೆ. ಉಳಿದ ಆರು ಆಸ್ಪತ್ರೆಯವರಿಗೂ ಬರೆದಿದ್ದೇವೆ, ಅವರಿಗೀಗ ಇಮೇಲ್ ಇದೆ. ಎಷ್ಟು ಜನ ಬರುತ್ತಾರೋ ತಿಳಿಯದು, ನಿನ್ನೆ ಸಂಜೆಯವರೆಗೆ ಮೂವತ್ತು ದಾಟಿತ್ತು. ನಿನ್ನ ಪರ ಮಾತಾಡುವವರು ಯಾರು ಎಂದು ಅವರು ಕೇಳಿದಾಗ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವುದು ಎಂದು ಮಾತಾಗಿದೆ. ಬಸ್ಸಿನಿಂದ ಇಳಿದವರು ನೇರವಾಗಿ ನಿನ್ನ ಮನೆಗೆ ಬರುತ್ತೇವೆ. ಅತ್ತೆಯೂ ಬರುತ್ತಾರೆ, ಅವರನ್ನು ತಡೆಯುವುದು ನನ್ನಿಂದಾಗಲಿಲ್ಲ.

ಯಾವ ವಾರ್ಡಿನವಳೂ ಅಲ್ಲದ ನಿನ್ನವಳು,
ಗಿರಗಿಟ್ಲೆ